ನಿಷ್ಠೆ ಮತ್ತು ಅವಧಾನ: ಫ. ಗು. ಹಳಕಟ್ಟಿಯವರ ಆದ್ಯತೆಯ ಸ್ವರೂಪ

1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. 1920ರಲ್ಲಿ ಮುಂಬಯಿ ಶಾಸನಸಭೆಯ ಸದಸ್ಯತ್ವ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ. 1925ರಲ್ಲಿ ಹಿತಚಿಂತಕ ಮುದ್ರಣಾಲಯ. 1926ರಲ್ಲಿ ‘ಶಿವಾನುಭವ’ ತ್ರೈಮಾಸಿಕ. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಇವೆಲ್ಲದರ ಜೊತೆಗೆ ಬಿಜಾಪುರದ ಕೋರ್ಟಿನಲ್ಲಿ ವಕೀಲಿ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ (1880–1964) ಬದುಕಿನ ಈ ಇಸವಿಗಳನ್ನು ಹೆಸರು ಹೇಳದೆ ಯಾರ ಮುಂದಾದರೂ ಇಟ್ಟರೆ, ಹತ್ತು ಕಡೆ ಕೈಹಾಕಿದ ಊರ ಹಿರಿಯರೊಬ್ಬರ ಚಿತ್ರ ಮೂಡುವುದೇ ಹೊರತು ಒಂದೇ ಗುರಿ ಹಿಡಿದು ಕೂತವರ ಚಿತ್ರವಲ್ಲ. ಆದರೆ ಕನ್ನಡ ನಾಡು ಅವರನ್ನು ನೆನೆಯುವುದು ಒಂದೇ ಕೆಲಸಕ್ಕೆ. ಮಠಗಳ ಗೂಡುಗಳಲ್ಲಿ, ಮನೆಗಳ ಜಗಲಿಯಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಕಟ್ಟುಗಳಿಂದ ವಚನಗಳನ್ನು ಬಿಡಿಸಿ ಅಚ್ಚಿಗೆ ತಂದದ್ದಕ್ಕೆ.

ಗುರಿ ಸಾಧಿಸಬೇಕಾದರೆ ಉಳಿದದ್ದನ್ನೆಲ್ಲ ಬಿಡು ಎಂಬ ಉಪದೇಶ ಈಗ ಎಲ್ಲೆಡೆ ಕೇಳಿಬರುತ್ತದೆ. ಹಳಕಟ್ಟಿಯವರು ಹೆಚ್ಚೇನನ್ನೂ ಬಿಟ್ಟಂತೆ ಕಾಣುವುದಿಲ್ಲ. ಹಾಗಾದರೆ ಅವರ ಆದ್ಯತೆ ಇದ್ದದ್ದು ಎಲ್ಲಿ, ಅದು ಕೆಲಸ ಮಾಡಿದ ಬಗೆ ಯಾವುದು, ಅದಕ್ಕೆ ಅವರು ತೆತ್ತ ಬೆಲೆ ಏನು ಎಂಬುದು ಈ ಲೇಖನದ ವಿಷಯ. ಬೆಲೆಯ ಮಾತನ್ನು ಬೇಕೆಂದೇ ಎತ್ತಿದ್ದೇನೆ. ‘ವಚನ ಪಿತಾಮಹ’ ಎಂಬ ಬಿರುದಿನ ನೆರಳಲ್ಲಿ ಅದನ್ನು ಕೇಳುವವರು ಕಡಿಮೆ.

ಈ ವಿಚಾರಕ್ಕೆ ಬೇಕಾದ ಪರಿಭಾಷೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ಅವರು ಜೀವಮಾನವಿಡೀ ಸಂಪಾದಿಸಿದ ಸಾಹಿತ್ಯದಲ್ಲೇ ಅದಿದೆ. ಷಟ್‌ಸ್ಥಲ ಸಿದ್ಧಾಂತ ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳುತ್ತದೆ: ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಮೊದಲ ಮೂರನ್ನು ಲೌಕಿಕದ ಕೆಲಸಕ್ಕೆ ಇಳಿಸಿ ನೋಡಿದರೆ, ಇಂದು ‘ಫೋಕಸ್’ ಎಂಬ ಒಂದೇ ಮಾತಿನಲ್ಲಿ ನಾವು ಕಲಸಿಬಿಡುವ ಮೂರು ಬೇರೆ ಬೇರೆ ಗುಣಗಳು ಸಿಗುತ್ತವೆ. ಇದು ಮಾಡಬೇಕಾದ ಕೆಲಸ ಎಂಬ ನಂಬುಗೆ ಶ್ರದ್ಧೆ. ಎದುರಿಗೆ ಇನ್ನೊಂದು ಬಂದು ನಿಂತಾಗಲೂ ಹಿಡಿದದ್ದನ್ನು ಬಿಡದ ಛಲ ನಿಷ್ಠೆ. ಕೈಗೆ ಬಂದದ್ದನ್ನು ಚೂರೂ ಚೆಲ್ಲದಂತೆ ಎಚ್ಚರದಿಂದ ಸ್ವೀಕರಿಸುವುದು ಅವಧಾನ. ಸಿದ್ಧಾಂತದ ಪಾರಿಭಾಷಿಕ ಪದಗಳನ್ನು ಹೀಗೆ ಎರವಲು ಪಡೆಯುವುದು ಶಾಸ್ತ್ರಜ್ಞರಿಗೆ ಹಿಡಿಸಲಿಕ್ಕಿಲ್ಲ. ಆದರೂ ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಪರಂಪರೆಯಲ್ಲಿ ಇದು ದೊಡ್ಡ ಅಪಚಾರವೆನಿಸದು. ಮೂರೂ ಒಬ್ಬರಲ್ಲೇ ಸಮನಾಗಿ ಇರಬೇಕೆಂದೇನೂ ಇಲ್ಲ. ನನ್ನ ವಾದ ನಿಂತಿರುವುದು ಇದರ ಮೇಲೆ.

ಶ್ರದ್ಧೆಯ ಕತೆ ಚಿಕ್ಕದು. ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ವಿಜ್ಞಾನವನ್ನೂ ಕಾಯದೆಯನ್ನೂ ಓದಿದ ಹಳಕಟ್ಟಿಯವರು 1904ರ ಸುಮಾರಿಗೆ ಬಿಜಾಪುರಕ್ಕೆ ಬಂದು ನೆಲೆಸಿದರು. ರಬಕವಿ–ಬನಹಟ್ಟಿ ಸೀಮೆಯ ಮನೆಯೊಂದರಲ್ಲಿ ವಚನದ ಹಸ್ತಪ್ರತಿಗಳನ್ನು ಕಂಡದ್ದು ಹೆಚ್ಚುಕಡಿಮೆ ಆ ದಿನಗಳಲ್ಲೇ. ಅಲ್ಲಿಂದ ಮೊದಲ ಪುಸ್ತಕದವರೆಗೆ ಇಪ್ಪತ್ತು ವರ್ಷ. ಈ ಇಪ್ಪತ್ತು ವರ್ಷಗಳನ್ನು ಚರಿತ್ರಕಾರರು ‘ಸಂಗ್ರಹದ ಕಾಲ’ ಎಂದು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆದರೆ ಸಂಗ್ರಹವೆಂದರೆ ಏನು? ಓಲೆಕಟ್ಟು ಮನೆಯವರಿಗೆ ಓದುವ ಪುಸ್ತಕವಲ್ಲ, ಪೂಜೆಯ ವಸ್ತು. ವಿಭೂತಿ ಹಚ್ಚಿ, ಬಟ್ಟೆ ಸುತ್ತಿ ಜಗಲಿಯ ಮೇಲಿಟ್ಟಿದ್ದನ್ನು ಕೋರ್ಟಿನ ಕೋಟು ತೊಟ್ಟ ಅಪರಿಚಿತನ ಕೈಗೆ ಯಾರು ಕೊಟ್ಟಾರು? ಕೊಟ್ಟರೂ ಅಲ್ಲೇ ಕೂತು ನಕಲು ಮಾಡಿಕೊಳ್ಳಬೇಕು. ಓಲೆಯಲ್ಲಿ ಪದಗಳ ನಡುವೆ ಬಿಡುವಿಲ್ಲ, ವಚನ ಮುಗಿದದ್ದು ಬಹುಪಾಲು ಅಂಕಿತದಿಂದ ಗೊತ್ತಾಗಬೇಕು. ಕೂಡಲಸಂಗಮದೇವ ಬಂದರೆ ಬಸವಣ್ಣನವರದು, ಗುಹೇಶ್ವರ ಬಂದರೆ ಅಲ್ಲಮನದು, ರಾಮನಾಥ ಬಂದರೆ ಜೇಡರ ದಾಸಿಮಯ್ಯನದು. ಆದರೆ ಹುಳು ತಿಂದ ಗರಿಯಲ್ಲಿ ಅಂಕಿತವೇ ಹೋಗಿದ್ದರೆ? ಹೆಸರೇ ಕೇಳಿರದ ಅಂಕಿತ ಎದುರಾದರೆ? ಇಂಥ ಅಪರಿಚಿತ ಅಂಕಿತಗಳ ಬೆನ್ನುಹತ್ತಿಯೇ ವಚನಕಾರರ ಸಂಖ್ಯೆ ಅವರ ಕಾಲದಲ್ಲಿ ಕೆಲವು ಹತ್ತುಗಳಿಂದ ಇನ್ನೂರನ್ನು ಮೀರಿ ಬೆಳೆಯಿತು.

ಇನ್ನು ನಿಷ್ಠೆ. ಹಳಕಟ್ಟಿಯವರು ಉಳಿದ ಕೆಲಸಗಳನ್ನು ಕಳಚಿಕೊಳ್ಳಲಿಲ್ಲ, ಅವನ್ನು ಸಾಲಾಗಿ ಜೋಡಿಸಿದರು. ವಕೀಲಿ ಅನ್ನ ಕೊಟ್ಟಿತು. ಹೊಟ್ಟೆಪಾಡು ವಚನದ ಮೇಲೆ ನಿಂತಿರಲಿಲ್ಲವಾದ್ದರಿಂದ ಪುಸ್ತಕ ಮಾರಾಟವಾಗದೆ ಉಳಿದರೂ ಕೆಲಸ ನಿಲ್ಲಲಿಲ್ಲ. ಸಾರ್ವಜನಿಕ ಸಂಸ್ಥೆಗಳು ಅವರಿಗೆ ಜಿಲ್ಲೆಯ ಮೂಲೆಮೂಲೆಯ ಪರಿಚಯವನ್ನೂ ನಂಬುಗೆಯನ್ನೂ ಗಳಿಸಿಕೊಟ್ಟವು. ಅಪರಿಚಿತ ವಕೀಲನಿಗೆ ತೆರೆಯದ ಜಗಲಿಯ ಗೂಡು, ನಮ್ಮೂರ ಹುಡುಗರಿಗೆ ಶಾಲೆ ತಂದವರು, ನಮ್ಮ ರೊಕ್ಕಕ್ಕೆ ಬ್ಯಾಂಕು ಕಟ್ಟಿದವರು ಎಂದಾಗ ತೆರೆದೀತು. ಈ ಕೊನೆಯ ಮಾತು ನನ್ನ ಊಹೆ. ಆದರೆ ಬಿಜಾಪುರ ಸೀಮೆಯ ಊರುಗಳ ನಡೆಯನ್ನು ಬಲ್ಲವರು ಇದನ್ನು ತಳ್ಳಿಹಾಕಲಾರರು.

ಇಲ್ಲಿ ಒಂದು ಹೋಲಿಕೆ ಉಪಯುಕ್ತ. ಆಲೂರ ವೆಂಕಟರಾಯರು ಹುಟ್ಟಿದ್ದು ಹಳಕಟ್ಟಿಯವರು ಹುಟ್ಟಿದ ತಿಂಗಳಲ್ಲೇ, 1880ರ ಜುಲೈಯಲ್ಲಿ. ಹಳಕಟ್ಟಿಯವರು 2ರಂದು, ಆಲೂರರು 12ರಂದು. ಇಬ್ಬರೂ ಕಾಯದೆ ಓದಿದವರು, ಇಬ್ಬರೂ 1964ರಲ್ಲೇ ತೀರಿಕೊಂಡವರು. ಆಲೂರರು ವಕೀಲಿಯನ್ನು ಬಿಟ್ಟುಕೊಟ್ಟು ಕರ್ನಾಟಕತ್ವದ ಕೆಲಸಕ್ಕೆ ಧುಮುಕಿದರು. ಜನರ ಮನಸ್ಸನ್ನು ಎಬ್ಬಿಸುವ ಕೆಲಸಕ್ಕೆ ಇಡೀ ಮನುಷ್ಯನೇ ಬೇಕು. ಊರೂರು ತಿರುಗಿ ಮಾತಾಡುವವನು ಕೋರ್ಟಿನ ತಾರೀಖಿಗೆ ಕಾದು ಕೂರಲಾಗದು. ಹಸ್ತಪ್ರತಿಯ ಕೆಲಸಕ್ಕೆ ಬೇಕಾದದ್ದು ಬೇರೆ: ಹಣ, ಕಾಲ, ಮತ್ತು ನಾಳೆಯೂ ನಾಡಿದ್ದೂ ಅದೇ ಮೇಜಿನ ಮುಂದೆ ಕೂರುವ ತಾಳ್ಮೆ. ಆಲೂರರ ತ್ಯಾಗವನ್ನು ಮೇಲೆಂದೂ ಹಳಕಟ್ಟಿಯವರ ಹೊಂದಾಣಿಕೆಯನ್ನು ಕೀಳೆಂದೂ ಎಣಿಸುವ ರೂಢಿ ನಮ್ಮಲ್ಲಿದೆ. ಎಲ್ಲ ಬಿಟ್ಟವನೇ ದೊಡ್ಡವನು ಎಂಬ ಸಂನ್ಯಾಸಿ ಮಾದರಿಯ ಪ್ರಭಾವವಿದು, ಮತ್ತು ವಚನಕಾರರೇ ಒಪ್ಪದ ಮಾದರಿ. ಗುರಿಯ ಸ್ವಭಾವವನ್ನು ನೋಡದೆ ತ್ಯಾಗವನ್ನು ಅಳೆಯುವುದು ತಪ್ಪು.

ಆದರೂ ಒಂದು ಸಲ ಹಳಕಟ್ಟಿಯವರು ತ್ಯಾಗ ಮಾಡಿದರು, ಅದೂ ಬಲು ದೊಡ್ಡದನ್ನು. ಮೊದಲ ಪುಸ್ತಕದ ಹಸ್ತಪ್ರತಿ ಮಂಗಳೂರಿನ ಮುದ್ರಣಾಲಯದಿಂದ ಅಚ್ಚಾಗದೆ ಮರಳಿತೆಂಬ ಸಂಗತಿಯನ್ನು ಅವರ ಜೀವನಚರಿತ್ರೆಗಳಲ್ಲಿ ಹೇಳುತ್ತಾರೆ. ಕಡೆಗೆ ಅದು ಬೆಳಗಾವಿಯಲ್ಲಿ ಅಚ್ಚಾಯಿತು. ಎರಡು ವರ್ಷದೊಳಗೆ ಅವರು ಬಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ಹೂಡಿದರು. ಅದಕ್ಕಾಗಿ ಮನೆ ಮಾರಿ ಬಾಡಿಗೆ ಮನೆಗೆ ಹೋದರು. ಹರಿದ ಕೋಟಿನ ಕತೆ, ಬಾಡಿಗೆ ಮನೆಯ ಕತೆ ನಮ್ಮ ಭಾಷಣಗಳಲ್ಲಿ ಕಣ್ಣೀರು ತರಿಸುವ ಸರಕಾಗಿವೆ. ಕಣ್ಣೀರನ್ನು ಬದಿಗಿಟ್ಟು ನೋಡಿದರೆ ಅದರ ಹಿಂದೆ ವಕೀಲನ ಲೆಕ್ಕಾಚಾರವಿದೆ. ಇಪ್ಪತ್ತು ವರ್ಷ ಕೂಡಿಟ್ಟದ್ದು ಅಚ್ಚಾಗುವುದೋ ಬಿಡುವುದೋ ಎಂಬ ತೀರ್ಪು ಇನ್ನೊಬ್ಬರ ಕೈಯಲ್ಲಿತ್ತು. ಅದೊಂದನ್ನು ಅವರು ಕ್ರಯಕ್ಕೆ ಕೊಂಡರು. ವಕೀಲಿ ಬಿಡಲಿಲ್ಲ, ಸಂಸ್ಥೆ ಬಿಡಲಿಲ್ಲ. ಯಾವುದನ್ನು ಕೊಟ್ಟರೆ ಗುರಿಯ ಮೇಲಿನ ಪರಾಧೀನತೆ ತಪ್ಪುತ್ತದೋ ಅದನ್ನಷ್ಟೇ ಕೊಟ್ಟರು.

ಪತ್ರಿಕೆಯೂ ಇದೇ ಲೆಕ್ಕದ ಮುಂದುವರಿಕೆ. ಪುಸ್ತಕಕ್ಕೆ ಗಡುವಿಲ್ಲ, ಇನ್ನೊಂದು ಪ್ರತಿ ಸಿಗಲಿ ಎಂದು ಹತ್ತು ವರ್ಷ ಕಾಯಬಹುದು. ಪತ್ರಿಕೆಗೆ ಚಂದಾದಾರರಿದ್ದಾರೆ, ಸಂಚಿಕೆ ತಪ್ಪಿದರೆ ಕೇಳುತ್ತಾರೆ. ‘ಶಿವಾನುಭವ’ ಮೂರು ದಶಕ ಮೀರಿ ನಡೆಯಿತು. ಅದರ ಪುಟಗಳಲ್ಲಿ ವಚನಗಳು, ಶರಣರ ಚರಿತ್ರೆಗಳು, ಹರಿಹರನ ರಗಳೆಗಳು ಕಂತುಕಂತಾಗಿ ಬಂದು ಆಮೇಲೆ ಪುಸ್ತಕಗಳಾದವು. 1930ರಲ್ಲಿ ‘ಶೂನ್ಯಸಂಪಾದನೆ’ಯೂ ಅವರಿಂದ ಅಚ್ಚಿಗೆ ಬಂತು. ತಮ್ಮ ಮನಸ್ಸಿನ ದಾರ್ಢ್ಯವನ್ನಷ್ಟೇ ನಂಬಿ ಕೂರದೆ, ತಪ್ಪಿಸಿಕೊಳ್ಳಲಾಗದಂಥ ಕಟ್ಟುಪಾಡನ್ನು ತಾವೇ ಹೆಣೆದುಕೊಂಡದ್ದು ಇಲ್ಲಿಯ ಜಾಣ್ಮೆ. ಅಣ್ಣಿಗೇರಿಯಲ್ಲೋ ಗದಗಿನಲ್ಲೋ ಕೂತ ಚಂದಾದಾರನೇ ಅವರ ಏಕಾಗ್ರತೆಯ ಕಾವಲುಗಾರನಾದ.

ಅವಧಾನದ ಮಾತಿಗೆ ಬಂದಾಗ ಚಿತ್ರ ಬದಲಾಗುತ್ತದೆ. ‘ವಚನಶಾಸ್ತ್ರಸಾರ’ದ ರಚನೆಯನ್ನು ಗಮನಿಸಿ. ವಚನಗಳು ಅಲ್ಲಿ ಕರ್ತೃವಿನ ಕ್ರಮದಲ್ಲಿ ನಿಂತಿಲ್ಲ. ಷಟ್‌ಸ್ಥಲದ ತತ್ತ್ವವನ್ನು ವಿವರಿಸುವ ವಿಷಯಗಳ ಕೆಳಗೆ ಬೇರೆ ಬೇರೆ ಶರಣರ ಮಾತುಗಳು ಒಟ್ಟುಗೂಡಿವೆ. ಅವರಿಗೆ ಬೇಕಾದದ್ದು ಶಾಸ್ತ್ರ, ಬಾಳಿಗೆ ಬೆಳಕಾಗುವ ಒಂದು ದರ್ಶನ. ಯಾವ ಪ್ರತಿಯಲ್ಲಿ ಯಾವ ಪಾಠ, ಯಾವ ಓಲೆಯಲ್ಲಿ ಯಾವ ಅಕ್ಷರ ಎಂಬ ವಿಚಾರಣೆ ಅವರ ಆವೃತ್ತಿಗಳಲ್ಲಿ ತೆಳು. ಪಾಠಾಂತರಗಳನ್ನು ನಮೂದಿಸುವ ಶಿಸ್ತು ವಚನ ಸಂಪಾದನೆಯಲ್ಲಿ ನೆಲೆಯೂರಿದ್ದು ಮುಂದಿನ ತಲೆಮಾರಿನಲ್ಲಿ. ಶಿ. ಶಿ. ಬಸವನಾಳರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳು ಆ ದಾರಿಯ ಮುಖ್ಯ ಮೈಲಿಗಲ್ಲು.

ಇದನ್ನು ಹಳಕಟ್ಟಿಯವರ ದೋಷವೆಂದು ಬರೆದವರುಂಟು, ದೋಷವೇ ಅಲ್ಲವೆಂದು ವಾದಿಸಿದವರೂ ಉಂಟು. ನನಗೆ ಎರಡೂ ಸರಿಯೆನಿಸುವುದಿಲ್ಲ. ಅದು ದೋಷ ಹೌದು, ಮತ್ತು ಆಯ್ದುಕೊಂಡ ದೋಷ. ಗೆದ್ದಲು ಕಾಯುವುದಿಲ್ಲ. ಒಂದು ಕಟ್ಟಿನ ಪಾಠಗಳನ್ನು ಹತ್ತು ಪ್ರತಿಗಳೊಡನೆ ಹೋಲಿಸುತ್ತ ಕೂತರೆ ಆ ಹೊತ್ತಿಗೆ ಇನ್ನೊಂದೂರಿನಲ್ಲಿ ಐದು ಕಟ್ಟು ಮಣ್ಣಾಗುತ್ತವೆ. ಎಲ್ಲವನ್ನೂ ಒಮ್ಮೆ ಅಚ್ಚಿಗೆ ಹತ್ತಿಸಿಬಿಡಬೇಕು, ತಿದ್ದುವವರು ಹಿಂದಿನಿಂದ ಬರುತ್ತಾರೆ ಎಂಬ ತರ್ಕ ಅವರ ಕೆಲಸದ ವೇಗದಲ್ಲೇ ಓದಸಿಗುತ್ತದೆ. ಆದ್ಯತೆ ಎಂಬುದರ ನಿಜವಾದ ಪರೀಕ್ಷೆ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಯಾವುದನ್ನು ಮೊದಲು ಮಾಡುತ್ತೇನೆ ಎಂದು ಯಾರು ಬೇಕಾದರೂ ಹೇಳಿಯಾರು. ಯಾವ ಕೊರತೆಯನ್ನು ಹೊತ್ತು ಬಾಳಲು ಸಿದ್ಧನಿದ್ದೇನೆ ಎಂಬುದು ಕಷ್ಟದ ಪ್ರಶ್ನೆ.

ಇದಿರು ದಡದಲ್ಲಿ ಫರ್ಡಿನಂಡ್ ಕಿಟ್ಟೆಲ್ ನಿಂತಿದ್ದಾರೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಧರ್ಮಪ್ರಚಾರಕ್ಕೆಂದು ಬಂದವರು ಅವರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಶಬ್ದಕ್ಕೆ ಪ್ರಯೋಗ, ಪ್ರಯೋಗಕ್ಕೆ ಆಕರ, ಗಾದೆಗಳ ಆಧಾರ, ಸೋದರ ಭಾಷೆಗಳ ರೂಪ: ಅವಧಾನವೆಂದರೆ ಇದು. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಕಳಿಸಿದವರು ಬಯಸಿದ ಕೆಲಸವೇ ಬೇರೆ, ಈತ ಹಿಡಿದ ಕೆಲಸವೇ ಬೇರೆ ಎಂಬ ಅಸಮಾಧಾನ ಮಿಷನ್ನಿನೊಳಗೆ ಅವರನ್ನು ಬಹುಕಾಲ ಅಂಚಿನಲ್ಲಿಟ್ಟಿತು. ಹಳಕಟ್ಟಿಯವರಿಗೆ ಅನ್ನದ ಮೂಲ ಮತ್ತು ಗುರಿ ಬೇರೆಬೇರೆಯಾಗಿದ್ದವು, ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಕಿಟ್ಟೆಲರಿಗೆ ಅನ್ನ ಕೊಡುವವರೇ ಗುರಿಯನ್ನೂ ನಿಗದಿ ಮಾಡಿದ್ದರು. ಸ್ವಂತ ಆದ್ಯತೆಯನ್ನು ಅವರು ಪರರ ಆದ್ಯತೆಯ ಹೊಟ್ಟೆಯೊಳಗೆ ಇಟ್ಟು ಬೆಳೆಸಬೇಕಾಯಿತು. ಮುಂದೆ ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿ ಮದರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ಬಂತಾದರೂ, ಕಿಟ್ಟೆಲರ ಮೂಲ ನಿಘಂಟು ಈಗಲೂ ಮೇಜಿನ ಮೇಲಿದೆ. ‘ವಚನಶಾಸ್ತ್ರಸಾರ’ವನ್ನು ಪಾಠನಿರ್ಣಯಕ್ಕಾಗಿ ಇಂದು ತೆರೆಯುವವರು ವಿರಳ.

ಹೀಗೆಂದು ಕಿಟ್ಟೆಲರನ್ನು ಮೇಲಕ್ಕೇರಿಸಬೇಕಾಗಿಲ್ಲ. ನಿಘಂಟಿನ ಸರಕು ಜನರ ಬಾಯಲ್ಲಿತ್ತು, ಇಪ್ಪತ್ತು ವರ್ಷ ಕಾದರೂ ಸಾಯುತ್ತಿರಲಿಲ್ಲ. ಓಲೆಯ ಸರಕಿಗೆ ಆ ಆಯುಷ್ಯವಿರಲಿಲ್ಲ. ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹೊರತಂದಾಗ ಅವು ಹದಿನೈದಾದವು, ಒಳಗಿನ ವಚನಗಳು ಇಪ್ಪತ್ತು ಸಾವಿರ ದಾಟಿದವು. ಅಷ್ಟು ದೊಡ್ಡ ವಿದ್ವತ್‌ಮಂಡಳಿ ತಿದ್ದಲು ಕೂರಬೇಕಾದರೆ ತಿದ್ದುವುದಕ್ಕೆ ಏನಾದರೂ ಉಳಿದಿರಬೇಕಷ್ಟೆ. ಆ ಮಂಡಳಿಯ ಅವಧಾನಕ್ಕೆ ಬಿಜಾಪುರದ ವಕೀಲರ ನಿಷ್ಠೆಯೇ ಬುನಾದಿ.

ಈ ವಾದವನ್ನು ಇನ್ನೂ ಗಟ್ಟಿಯಾಗಿ ಪರೀಕ್ಷಿಸುವ ದಾರಿಯೊಂದಿದೆ. ‘ಶಿವಾನುಭವ’ದ ಸಂಚಿಕೆಗಳನ್ನು ತಾರೀಖಿನ ಕ್ರಮದಲ್ಲಿಟ್ಟು, ಪಕ್ಕದಲ್ಲಿ ಅದೇ ತಿಂಗಳುಗಳ ಬ್ಯಾಂಕಿನ, ವಿದ್ಯಾಸಂಸ್ಥೆಯ ನಡಾವಳಿಗಳನ್ನಿಟ್ಟು ಒಂದು ಕಾಲಪಟ್ಟಿಯನ್ನು ಸಿದ್ಧಪಡಿಸಬೇಕು. ಸಾರ್ವಜನಿಕ ಕೆಲಸ ಹೆಚ್ಚಿದ ತಿಂಗಳಲ್ಲಿ ಪತ್ರಿಕೆ ತೆಳುವಾಯಿತೋ ದಪ್ಪವಾಯಿತೋ ಆಗ ಕಂಡೀತು. ವಿಜಯಪುರ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಹಳೆಯ ಮನೆಗಳ ಅಟ್ಟದಲ್ಲಿ ‘ಶಿವಾನುಭವ’ದ ಬಿಡಿ ಸಂಚಿಕೆಗಳಿದ್ದರೆ, ರದ್ದಿಗೆ ಹಾಕುವ ಮುನ್ನ ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಒಂದು ಮಾತು ತಿಳಿಸಬೇಕೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ.