ಆಪೆರಾ ಹೌಸ್‌ನ ಮರುಹುಟ್ಟು

ಮುಂಬೈನ ಚರ್ನಿ ರೋಡ್ ಸ್ಟೇಷನ್ನಿನಿಂದ ಸ್ವಲ್ಪ ದೂರದ ಇಡೀ ಬಡಾವಣೆಗೆ ‘ಆಪೆರಾ ಹೌಸ್’ ಎಂದೇ ಹೆಸರು. ವಜ್ರದ ವ್ಯಾಪಾರಿಗಳಿಗೂ ಟ್ಯಾಕ್ಸಿ ಚಾಲಕರಿಗೂ ಅದು ಬಾಯಿಪಾಠ. ಆದರೆ ಆ ಹೆಸರು ಕೊಟ್ಟ ರಾಯಲ್ ಆಪೆರಾ ಹೌಸ್‌ಗೆ 1993ರಲ್ಲಿ ಬಿದ್ದ ಬೀಗ ತೆಗೆಯಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಕಲ್ಕತ್ತೆಯ ನಾಟಕೋದ್ಯಮಿ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ವ್ಯಾಪಾರದ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಜೊತೆಗೂಡಿ ಕಟ್ಟಿಸಿದ ರಂಗಮಂದಿರ ಇದು. 1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದಾಗ ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲ. ಬರೋಕ್ ಶೈಲಿಯ ಒಳಾಂಗಣದಲ್ಲಿ ತಲೆಯೆತ್ತಿ ನೋಡಿದರೆ ಗುಮ್ಮಟದ ಎಂಟು ಭಾಗಗಳು ಕವಿಗಳಿಗೆ, ನಾಟಕಕಾರರಿಗೆ, ಕಾದಂಬರಿಕಾರರಿಗೆ ಸಲ್ಲಿಸಿದ ಗೌರವವನ್ನು ಸಾರುತ್ತವೆ. ಮೊಗಸಾಲೆಯಲ್ಲಿ ಸಸೂನ್ ಮನೆತನ ಕೊಟ್ಟ ಜೋಡಿ ತೂಗುದೀಪಗಳಿವೆ.

ಬರೀ ಆಪೆರಾ ನಂಬಿಕೊಂಡು ಮಂದಿರ ನಡೆಸುವಂತಿರಲಿಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವ, ದೀನಾನಾಥ ಮಂಗೇಶ್ಕರ್ ಇಲ್ಲಿ ಹಾಡಿದರು, ನಟಿಸಿದರು. 1935ರಲ್ಲಿ ಐಡಿಯಲ್ ಪಿಕ್ಚರ್ಸ್ ಕೈಗೆ ಬಂದ ಮೇಲೆ ಅದು ಚಿತ್ರಮಂದಿರವಾಯಿತು. ಬದಿಯ ಬಾಕ್ಸುಗಳು ಹೋದವು, ಗೋಡೆಗಳ ಮೇಲೆ ಆರ್ಟ್ ಡೆಕೊ ಅಲಂಕಾರ ಬಂತು. ಆಗಲೂ ನಾಟಕ ಪೂರ್ತಿ ಮರೆಯಾಗಲಿಲ್ಲ. ಪೃಥ್ವಿರಾಜ್ ಕಪೂರ್ 1944ರಲ್ಲಿ ಕಟ್ಟಿದ ಪೃಥ್ವಿ ಥಿಯೇಟರ್ಸ್‌ಗೆ ಇದೇ ವೇದಿಕೆ ನೆಲೆಯಾಯಿತು. ಆಟ ಮುಗಿದ ಮೇಲೆ ಬಾಗಿಲಲ್ಲಿ ಜೋಳಿಗೆ ಒಡ್ಡಿ ನಿಲ್ಲುತ್ತಿದ್ದ ಪೃಥ್ವಿರಾಜರನ್ನು ಕಂಡವರು ಅದನ್ನು ಮರೆತವರಲ್ಲ.

1952ರಲ್ಲಿ ಗೊಂಡಲ್ ಸಂಸ್ಥಾನದ ಮಹಾರಾಜರು ಈ ಮಂದಿರವನ್ನು ಕೊಂಡರು. ಮುಂದೆ ವಿಡಿಯೊ, ಕೇಬಲ್ ಟಿವಿ ಬಂದು ಪ್ರೇಕ್ಷಕರು ಕರಗಿದರು, 1993ರಲ್ಲಿ ಬಾಗಿಲು ಮುಚ್ಚಿತು.

ಬೀಗ ಬಿದ್ದ ಕಟ್ಟಡಕ್ಕೆ ಮೊದಲ ಶತ್ರು ಮುಂಬೈ ಮಳೆ. ನೀರು ಜಿನುಗಿ ಗಾರೆ ಉದುರಿತು, ಮುಂಗೋಡೆಯ ಬಿರುಕುಗಳಲ್ಲಿ ಗಿಡ ಬೇರುಬಿಟ್ಟಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2012ರಲ್ಲಿ ಅದನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಗೊಂಡಲ್ ಮನೆತನ ದುರಸ್ತಿಯನ್ನು ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರಿಗೆ ವಹಿಸಿತ್ತು.

ಯಾವ ಕಾಲದ ಆಪೆರಾ ಹೌಸನ್ನು ಮರಳಿ ತರಬೇಕು ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ. ಲಾಂಬಾ ತಂಡ ಆರಂಭದ ಬರೋಕ್ ರೂಪವನ್ನೇ ಆರಿಸಿಕೊಂಡಿತು. ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಕಳೆದುಹೋಗಿದ್ದ ಬಾಕ್ಸುಗಳನ್ನು ಮತ್ತೆ ಕಟ್ಟಿದರು. ಬಣ್ಣದ ಗಾಜುಗಳನ್ನು ಸರಿಪಡಿಸಿದರು. ಆಯ್ಕೆ ಸಮರ್ಥನೀಯವೇ. ಆದರೂ ಐವತ್ತೆಂಟು ವರ್ಷ ಟಿಕೆಟ್ ಮಾರಿ ಈ ಛಾವಣಿಯನ್ನು ನಿಲ್ಲಿಸಿಕೊಂಡಿದ್ದು ಸಿನಿಮಾ. ಆ ಋಣವನ್ನು ಲೆಕ್ಕದಿಂದ ಹೊಡೆದುಹಾಕಲಾಗದು.

ಮರುಪ್ರಾರಂಭದ ದಿನಗಳಲ್ಲಿ ಆ ಋಣ ಸಂದಿತು. 2016ರ ಅಕ್ಟೋಬರ್ 20ರಂದು ಮುಂಬೈ ಚಲನಚಿತ್ರೋತ್ಸವ ಇಲ್ಲೇ ಆರಂಭವಾಯಿತು. ಕೊಂಕಣಾ ಸೇನ್ ಶರ್ಮಾ ನಿರ್ದೇಶನದ ‘ಎ ಡೆತ್ ಇನ್ ದ ಗಂಜ್’ ಉದ್ಘಾಟನಾ ಚಿತ್ರ. ಮರುದಿನ ಮುಂಬೈ ಮೂಲದ ಸೊಪ್ರಾನೊ ಗಾಯಕಿ ಪ್ಯಾಟ್ರಿಷಿಯಾ ರೊಝಾರಿಯೊ ಹಾಡಿದರು. 2017ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪುರಸ್ಕಾರ ಬಂತು. ನಾಟಕ, ಸಂಗೀತ, ನೃತ್ಯ, ಸಿನಿಮಾ ಎಲ್ಲಕ್ಕೂ ಈಗ ಅಲ್ಲಿ ಜಾಗವಿದೆ.