ಸರ್ದಾನದ ಬೇಗಮಳೂ ಜಹಾಜ್ ಸಾಹೇಬನೂ

ಕ್ರಿ. ಶ. 1803ನೆಯ ಇಸವಿಯ ಸೆಪ್ಟೆಂಬರ್ 23ರಂದು ದಖ್ಖಣದ ಅಸ್ಸಾಯೆ ಗ್ರಾಮದ ಬಳಿ ದೌಲತರಾವ್ ಸಿಂಧ್ಯನ ಸೈನ್ಯಕ್ಕೂ ವೆಲೆಸ್ಲಿಯ ಸೈನ್ಯಕ್ಕೂ ಘೋರವಾದ ಕಾಳಗವಾಯಿತು. ವೆಲೆಸ್ಲಿಯು ಅದೇ ವರ್ಷ ಹರಿಹರದಿಂದ ದಂಡೆತ್ತಿ ಹೊರಟವನು. ಮೈಸೂರಿನ ಸಿಲ್ಲೇದಾರರ ಕುದುರೆಯ ಪಡೆಯೂ ಅವನ ಸಂಗಡ ಹೋಗಿದ್ದಿತು. ಎದುರುಪಕ್ಷದಲ್ಲಿ ಸಾಮಾನು ಸರಂಜಾಮಿನ ಕಾವಲಿಗೆ ನಿಂತಿದ್ದ ಪಟಾಲಂಗಳು ಒಬ್ಬ ಹೆಂಗಸಿಗೆ ಸೇರಿದವು. ಆಕೆಯೇ ಸರ್ದಾನದ ಬೇಗಮ್ ಸಮ್ರೂ. ಆಕೆಯನ್ನು ಎಂದೂ ಕಣ್ಣಿನಿಂದ ಕಾಣದಿದ್ದ ದಖ್ಖಣದ ಜನರು ಆಕೆ ಮಾಟಗಾತಿಯೆಂದೂ, ತನ್ನ ಚಾದರವನ್ನು ಹಗೆಗಳ ಕಡೆಗೆ ಬೀಸಿದ ಮಾತ್ರದಿಂದಲೇ ಅವರನ್ನು ನಾಶಮಾಡುವಳೆಂದೂ ನಂಬಿದ್ದರು. ಆ ಚಾದರದ ಮಹಿಮೆ ಎಷ್ಟರಮಟ್ಟಿನದೆಂಬುದು ಇದಕ್ಕೆ ಎಂಟು ವರ್ಷ ಮೊದಲೇ ಸರ್ದಾನದಲ್ಲಿ ಪರೀಕ್ಷೆಗೆ ಬಂದಿದ್ದಿತು. ಆಗ ಆಕೆಯನ್ನು ಉಳಿಸಿದವನು ಐರ್ಲೆಂಡಿನಿಂದ ಬಂದ ಒಬ್ಬ ಸಂಬಳದ ಸಿಪಾಯಿ.

ಬೇಗಮಳ ಮೊದಲ ಹೆಸರು ಫರ್ಜಾನಾ. ದಿಲ್ಲಿಯಲ್ಲಿ ನರ್ತಕಿಯಾಗಿದ್ದ ಆಕೆಯನ್ನು ವಾಲ್ಟರ್ ರೈನ್‌ಹಾರ್ಟ್ ಎಂಬ ಐರೋಪ್ಯ ಸರದಾರನು ಸುಮಾರು 1765ರಲ್ಲಿ ಕೈಹಿಡಿದನು. ಇವನು ಒಬ್ಬ ಒಡೆಯನನ್ನು ಬಿಟ್ಟು ಮತ್ತೊಬ್ಬನಿಗೆ ತನ್ನ ಕತ್ತಿಯನ್ನು ಮಾರುತ್ತ ಬಂದವನು. 1763ರಲ್ಲಿ ಮೀರ್ ಕಾಸಿಮನ ಅಪ್ಪಣೆಯಂತೆ ಪಾಟ್ನಾದಲ್ಲಿ ಇಂಗ್ಲಿಷ್ ಸೆರೆಯಾಳುಗಳನ್ನು ಕೊಲ್ಲಿಸಿದ ಪಾಪವು ಇವನ ತಲೆಯ ಮೇಲಿದ್ದಿತು. ‘ಸೋಂಬ್ರ್’ ಎಂಬ ಇವನ ಅಡ್ಡಹೆಸರೇ ಜನರ ಬಾಯಲ್ಲಿ ‘ಸಮ್ರೂ’ ಎಂದಾಯಿತು. ಕಡೆಗೆ ಬಾದಷಹ ಷಾ ಆಲಮನ ಕಡೆ ಸೇರಿ, ಮೀರತ್ತಿನ ಸಮೀಪದ ಸರ್ದಾನವನ್ನು ಜಹಗೀರಾಗಿ ಪಡೆದು, 1778ರಲ್ಲಿ ಆಗ್ರಾದಲ್ಲಿ ತೀರಿಕೊಂಡನು. ಬೇರೊಬ್ಬ ಹೆಂಡತಿಯಲ್ಲಿ ಹುಟ್ಟಿದ ಮಗನೊಬ್ಬನಿದ್ದರೂ ದಂಡೂ ಜಹಗೀರೂ ಬೇಗಮಳ ವಶವಾದವು. 1781ರಲ್ಲಿ ಆಕೆ ಕ್ರೈಸ್ತಮತವನ್ನು ಸ್ವೀಕರಿಸಿ ಜೊಆನಾ ಎಂಬ ಹೆಸರನ್ನು ತಾಳಿದಳು.

ಅಂದಿನ ಹಿಂದೂಸ್ಥಾನದಲ್ಲಿ ಗಂಡಾಳುಗಳಿಗೇ ದಂಡನ್ನು ಹಿಡಿತದಲ್ಲಿಡುವುದು ದುಸ್ತರವಾಗಿದ್ದಿತು. ಸಂಬಳ ನಿಂತರೆ ಸಿಪಾಯಿಗಳು ಸರದಾರನನ್ನೇ ಹಿಡಿದು ಕೂರಿಸುವರು. ಇಂಥ ಜನರನ್ನು ಗಿಡ್ಡನೆಯ ಹೆಂಗಸೊಬ್ಬಳು ಆಳಿದಳೆಂದರೆ ಕೇಳಿದವರಿಗೆ ಏನಾದರೊಂದು ಕಾರಣ ಬೇಕಷ್ಟೆ. ಮಾಟಕ್ಕಿಂತ ಸುಲಭವಾದ ಕಾರಣ ಯಾವುದು? ಆಕೆಯ ಕ್ರೌರ್ಯದ ಕಥೆಯೂ ಇದಕ್ಕೆ ನೆರವಾಯಿತು. ಇಬ್ಬರು ದಾಸಿಯರು ತಮ್ಮ ಪ್ರಿಯರೊಡನೆ ಓಡಿಹೋಗುವ ಸಲುವಾಗಿ ಆಗ್ರಾದಲ್ಲಿ ಮನೆಗಳಿಗೆ ಬೆಂಕಿಯಿಟ್ಟರೆಂದೂ, ಬೇಗಮಳು ಅವರನ್ನು ಚಾವಟಿಯಿಂದ ಹೊಡೆಸಿ ತನ್ನ ಡೇರೆಯ ಮುಂದೆ ತೋಡಿಸಿದ ಗುಂಡಿಯಲ್ಲಿ ಜೀವಸಹಿತ ಹೂಳಿಸಿದಳೆಂದೂ ಸ್ಲೀಮನ್ ಬರೆದಿದ್ದಾನೆ. ಬೇರೆ ಪ್ರವಾಸಿಗಳ ಬರಹದಲ್ಲಿ ಇಬ್ಬರು ಒಬ್ಬಳಾಗುವಳು. ಡೇರೆಯ ಮುಂದಿನ ಗುಂಡಿಯು ಬೇಗಮಳ ಮಂಚದ ಕೆಳಗೇ ಬರುವುದು. ಬೆಳೆದ ಭಾಗವನ್ನು ಕಳೆದರೂ ಉಳಿಯುವುದು ಭಯಂಕರವೇ. ದಂಡಿನ ಶಿಸ್ತಿಗೆ ಇದು ಅವಶ್ಯವಾಗಿತ್ತೆಂಬ ಸ್ಲೀಮನನ ಸಮರ್ಥನೆಯನ್ನು ಒಪ್ಪುವುದು ಕಷ್ಟ. ಆದರೆ ಇದು ಅಂದಿನ ಸರದಾರರೆಲ್ಲರ ಕ್ರೌರ್ಯವೇ ಹೊರತು ಮಂತ್ರವಿದ್ಯೆಯಲ್ಲ. ಗಂಡಸು ಮಾಡಿದ್ದರೆ ಅವನನ್ನು ಯಾರೂ ಮಾಟಗಾರನೆನ್ನುತ್ತಿರಲಿಲ್ಲ.

ಜಾರ್ಜ್ ಥಾಮಸನು ಐರ್ಲೆಂಡಿನ ಟಿಪ್ಪರೆರಿ ಸೀಮೆಯವನು. ಹಡಗಿನ ಆಳಾಗಿ ಮದರಾಸಿಗೆ ಬಂದು, ಅಲ್ಲಿ ಹಡಗನ್ನು ಬಿಟ್ಟು ಓಡಿ, ದಕ್ಷಿಣದ ಪಾಳೆಯಗಾರರ ಬಳಿ ಕೆಲವು ವರ್ಷ ಕಾದಾಡಿ, ನಿಜಾಮನ ದಂಡಿನಲ್ಲಿಯೂ ಸ್ವಲ್ಪಕಾಲ ಇದ್ದು, 1787ರಲ್ಲಿ ದಿಲ್ಲಿಯನ್ನು ಮುಟ್ಟಿದನು. ಉತ್ತರದವರು ಅವನನ್ನು ‘ಜಹಾಜ್ ಸಾಹೇಬ’ನೆಂದು ಕರೆದರು. ಪಾರ್ಸಿ ಭಾಷೆಯನ್ನು ಎಷ್ಟು ಬಳಸಿದನೆಂದರೆ, ಮುಂದೆ ತನ್ನ ಜೀವನಕಥೆಯನ್ನು ಹೇಳಬೇಕಾಗಿ ಬಂದಾಗ ಹುಟ್ಟುಭಾಷೆಗಿಂತ ಅದೇ ಸುಲಭವೆಂದು ಪಾರ್ಸಿಯಲ್ಲಿಯೇ ಹೇಳಲು ಮುಂದಾದನಂತೆ. ಬೇಗಮಳು ಇವನನ್ನು ಕೆಲಸಕ್ಕೆ ತೆಗೆದುಕೊಂಡು, ತನ್ನ ಮನೆಯಲ್ಲಿ ಬೆಳೆದ ಮರಿಯಾ ಎಂಬ ಹುಡುಗಿಯನ್ನು ಕೊಟ್ಟು ಮದುವೆ ಮಾಡಿಸಿದಳು.

ಮರುವರ್ಷವೇ ಅವನ ಯೋಗ್ಯತೆ ಬೆಳಕಿಗೆ ಬಂದಿತು. ದಂಗೆಯೆದ್ದ ನಜಫ್ ಕುಲಿ ಖಾನನನ್ನು ಷಾ ಆಲಮನು ಗೋಕುಲಗಢದಲ್ಲಿ ಮುತ್ತಿದ್ದನು. ಬಾದಷಹನ ದಂಡು ಮೋಜಿನಲ್ಲಿ ಮೈಮರೆತಿದ್ದಾಗ ಖಾನನು ರಾತ್ರಿ ಮೇಲೆ ಬಿದ್ದನು. ಪಾಳೆಯವೆಲ್ಲ ಚೆಲ್ಲಾಪಿಲ್ಲಿಯಾಯಿತು. ಬೇಗಮಳು ಪಲ್ಲಕ್ಕಿಯಲ್ಲಿ ಕುಳಿತು 100 ಜನ ಸಿಪಾಯಿಗಳೊಡನೆ ನೇರವಾಗಿ ಮುಂದುವರಿದಳು. ಪಕ್ಕದಲ್ಲಿ ಒಂದು ತೋಪನ್ನು ನಡೆಸುತ್ತಿದ್ದವನು ಥಾಮಸ್. ಆ ತೋಪಿನ ಏಟಿಗೆ ಹಗೆ ಹಿಮ್ಮೆಟ್ಟಿದನು. ಬಾದಷಹನು ಬೇಗಮಳನ್ನು ತನ್ನ ಪ್ರಿಯಪುತ್ರಿಯೆಂದು ಕರೆದು ಮರ್ಯಾದೆ ಮಾಡಿದನು. ದೂರದಿಂದ ಕಂಡವರಿಗೆ ಪಲ್ಲಕ್ಕಿ ಕಂಡಿತು, ತೋಪು ಕಾಣಲಿಲ್ಲವೆಂದು ತೋರುತ್ತದೆ!

ಈ ಸ್ನೇಹ ಬಹುಕಾಲ ನಿಲ್ಲಲಿಲ್ಲ. ಲೆ ವಸ್ಸೂ ಎಂಬ ಫ್ರೆಂಚ್ ಸರದಾರನ ಮಾತಿಗೆ ಬೇಗಮಳು ಕಿವಿಗೊಡಲು ತೊಡಗಿದಮೇಲೆ ಥಾಮಸನು ಕೆಲಸ ಬಿಟ್ಟು ಮರಾಠರ ಅಪ್ಪಾ ಖಂಡೇರಾಯನ ಬಳಿ ಸೇರಿದನು. 1793ರಲ್ಲಿ ಬೇಗಮಳು ಲೆ ವಸ್ಸೂನನ್ನು ಗುಟ್ಟಾಗಿ ಮದುವೆಯಾದಳು. ಅವನೋ ಒರಟರಾದ ಇತರ ಐರೋಪ್ಯ ಸರದಾರರೊಡನೆ ಊಟಕ್ಕೂ ಕೂರದ ಬಿಂಕದವನು. ಥಾಮಸನ ಮೇಲೆ ದಂಡೆತ್ತಿ ಹೋಗುವ ಪ್ರಯತ್ನವೂ ನಡೆಯಿತು. ಸಮ್ರೂವಿನ ಹೆಸರಿಗಾಗಿ ದುಡಿಯುತ್ತಿದ್ದ ಸಿಪಾಯಿಗಳಿಗೆ ಇದಾವುದೂ ಸಹಿಸಲಿಲ್ಲ. 1795ರಲ್ಲಿ ಅವರು ಸಮ್ರೂವಿನ ಮಗನಾದ ಜಫರ್‌ಯಾಬ್ ಖಾನನನ್ನು ಮುಂದಿಟ್ಟುಕೊಂಡು ದಂಗೆಯೆದ್ದರು.

ಗಂಡಹೆಂಡಿರು ರಾತ್ರೋರಾತ್ರಿ ಇಂಗ್ಲಿಷರ ಸೀಮೆಯ ಕಡೆಗೆ ಓಡಿದರು. ಸಿಕ್ಕಿಬಿದ್ದರೆ ಇಬ್ಬರೂ ಪ್ರಾಣ ಬಿಡಬೇಕೆಂದು ಮಾತಾಗಿದ್ದಿತು. ಬೆನ್ನಟ್ಟಿದವರು ಸಮೀಪಿಸಿದಾಗ ಬೇಗಮಳು ಕಠಾರಿಯಿಂದ ಎದೆಗೆ ಇರಿದುಕೊಂಡಳು. ರಕ್ತವನ್ನು ಕಂಡ ಲೆ ವಸ್ಸೂ ತನ್ನ ತಲೆಗೆ ಗುಂಡು ಹಾರಿಸಿಕೊಂಡನು. ಅವನು ಸತ್ತನು, ಆಕೆಯ ಗಾಯ ಆಳವಾಗಿರಲಿಲ್ಲ. ಗಂಡನನ್ನು ನೀಗಿಕೊಳ್ಳಲು ಆಕೆ ಹೂಡಿದ ಉಪಾಯವೇ ಇದು ಎಂದು ಕೆಲವರು ಆಡಿಕೊಂಡರು. ಆದರೆ ಗಂಡನನ್ನು ಕಳೆದುಕೊಂಡು ಆಕೆ ಪಡೆದುದೇನು? ಸಿಪಾಯಿಗಳು ಆಕೆಯನ್ನು ಸರ್ದಾನಕ್ಕೆ ಎಳೆದುತಂದು ತೋಪಿಗೆ ಕಟ್ಟಿದರು. ಏಳು ದಿನ ಆಕೆ ಹಾಗೆಯೇ ಇದ್ದಳು. ದಾಸಿಯರು ಕದ್ದು ತಂದ ಅನ್ನನೀರಿನಿಂದ ಜೀವ ಉಳಿಯಿತು. ಚಾದರವು ಮೈಮೇಲೆಯೇ ಇದ್ದಿರಬೇಕು. ಅದು ಯಾರನ್ನೂ ಸುಡಲಿಲ್ಲ.

ಆಗ ಬೇಗಮಳು ಕಾಗದ ಬರೆದದ್ದು ತಾನು ದೂರಮಾಡಿದ್ದ ಥಾಮಸನಿಗೆ. ಅವನು ಹಗೆತನವನ್ನು ಎಣಿಸಲಿಲ್ಲ. 1,20,000 ರೂಪಾಯಿಗಳನ್ನು ಕೊಡುವುದಾಗಿ ಮರಾಠರಿಗೆ ಮಾತುಕೊಟ್ಟು ಅವರ ದಂಡು ಹೊರಡುವಂತೆ ಮಾಡಿದನು. ತಾನು ಸುಮಾರು 50 ಜನ ಸವಾರರೊಡನೆ ಮುಂದಾಗಿ ಸರ್ದಾನಕ್ಕೆ ನುಗ್ಗಿದನು. ಹಿಂದೆ ಮರಾಠರ ದಂಡೆಲ್ಲ ಬರುತ್ತಿದೆಯೆಂದು ಹೆದರಿ ದಂಗೆಯವರು ಶರಣಾದರು. ಬೇಗಮಳಿಗೆ ಮಾಟಗಾತಿಯೆಂಬ ಹೆಸರನ್ನು ತಂದ ವದಂತಿಯೇ ಇಲ್ಲಿ ಥಾಮಸನ ಆಯುಧವಾಯಿತು. ಬೇಗಮಳು ಮತ್ತೆ ಗಾದಿಯೇರಿದಳು. ಐರೋಪ್ಯ ಸರದಾರರು ಇನ್ನು ಮುಂದೆ ವಿಧೇಯರಾಗಿರುವೆವೆಂದು ಪಾರ್ಸಿಯಲ್ಲಿ ಬರೆದ ಪತ್ರಕ್ಕೆ ಒಪ್ಪಿಗೆ ಹಾಕಿದರು; ಅವರಲ್ಲಿ ಬಹುಮಂದಿಗೆ ಹೆಸರು ಬರೆಯಲೂ ಬರುತ್ತಿರಲಿಲ್ಲ. ಬೇಗಮಳು ಲೆ ವಸ್ಸೂವಿನ ಮದುವೆಯ ಮಾತನ್ನೇ ಬಿಟ್ಟು ಕಡೆಯವರೆಗೂ ಸಮ್ರೂವಿನ ಹೆಸರಿನಲ್ಲಿಯೇ ಬಾಳಿದಳು.

ಥಾಮಸನು ಮುಂದೆ ಹಾಂಸಿಯಲ್ಲಿ ತನ್ನದೇ ಒಂದು ಚಿಕ್ಕ ರಾಜ್ಯವನ್ನು ಕಟ್ಟಿ, ಕೋಟೆಯನ್ನು ಸರಿಪಡಿಸಿ, ತೋಪುಗಳನ್ನು ಎರಕಹೊಯ್ಯಿಸಿ, ನಾಣ್ಯವನ್ನೂ ಅಚ್ಚುಹಾಕಿಸಿದನು. ಸಿಂಧ್ಯನ ಸೇನಾಪತಿ ಪೆರೋನನ ದಂಡು 1801ರ ಕಡೆಯಲ್ಲಿ ಅದನ್ನು ಮುರಿಯಿತು. ಸೋತ ಥಾಮಸನು ಇಂಗ್ಲಿಷರ ಸೀಮೆಗೆ ಹೊರಟಾಗ ಹೆಂಡತಿಯನ್ನೂ ಮೂವರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ಬೇಗಮಳ ವಶಕ್ಕೆ ಒಪ್ಪಿಸಿದನು. ಕಲ್ಕತ್ತೆಯ ದಾರಿಯಲ್ಲಿ ಬರ್‍ಹಾಂಪುರದಲ್ಲಿ 1802ರ ಆಗಸ್ಟ್ 22ರಂದು ಅವನು ಸತ್ತನು. ಬೇಗಮಳು 1836ರ ಜನವರಿ 27ರವರೆಗೆ ಬದುಕಿದಳು. ಥಾಮಸನ ಮಕ್ಕಳು ಆಕೆಯ ಆಶ್ರಯದಲ್ಲಿಯೇ ದೊಡ್ಡವರಾದರು. ಅವರಲ್ಲಿ ಜಾನ್ ಎಂಬವನನ್ನು ಆಕೆ ತನ್ನ ಸ್ವಂತ ಮಗನಂತೆ ಸಾಕಿದಳು.