ಚಾವಿ ಗೊಂಚಲಿನ ಹಿಂದಿನ ಚರಿತ್ರೆ

ಕಮಲಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಅಪ್ಪ ಬಿದ್ದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆ. ಮೂರು ಮಿಸ್ಡ್ ಕಾಲ್ ಆಗಿದ್ದವು. ನಾಲ್ಕನೆಯದನ್ನು ಎತ್ತಿದಾಗ ಕಾಕಾ ಹೇಳಿದ್ದು ಇಷ್ಟೇ: "ತಂಗಿ, ಹೆದರಬ್ಯಾಡ. ಅಣ್ಣಗ ಫಿಟ್ಸ್ ಬಂದಿತ್ತು. ಕೈಯಾಗ ಚಾವಿ ಗೊಂಚಲ ಕೊಟ್ವಿ, ಈಗ ಆರಾಮ ಅದಾನ."

ರಾತ್ರಿ ರೈಲು ಹತ್ತಿ ಬೆಳಿಗ್ಗೆ ಕಲಬುರಗಿಯಲ್ಲಿಳಿದೆ. ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಏನೂ ಆಗಿಲ್ಲದವರ ಹಾಗೆ ಕೂತಿದ್ದರು. ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ಮಾತ್ರ ಸ್ವಲ್ಪ ತೊದಲುತ್ತಿತ್ತು. ಡಾಕ್ಟರು ಅವ್ವನನ್ನು ಕೇಳಿದರು, ಮುಂಚೆ ಯಾವಾಗಾದರೂ ಹೀಗಾಗಿತ್ತಾ? ಅವ್ವ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಂತಳು. ಆಮೇಲೆ ಹೇಳಿದಳು: "ಎರಡ್ ತಿಂಗಳ ಹಿಂದ ಒಮ್ಮೆ ನಸುಕಿನ್ಯಾಗ ಬಂದಿತ್ರಿ. ನಾ ಯಾರಿಗೂ ಹೇಳಿಲ್ಲ."

ಕಾರಣವಿಲ್ಲದೆ, ಒಂದು ದಿನಕ್ಕಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಫಿಟ್ಸ್ ಬಂದರೆ ಅದನ್ನು ಎಪಿಲೆಪ್ಸಿ ಅನ್ನುತ್ತಾರಂತೆ. ಅಪ್ಪನಿಗೆ ಅರವತ್ತೆರಡು. ಈ ವಯಸ್ಸಿನಲ್ಲಿ ಹೊಸದಾಗಿ ಶುರುವಾಗುವುದು ಅಪರೂಪವೇನಲ್ಲ ಅಂತ ಡಾಕ್ಟರು ಹೇಳಿದರು. ಸ್ಕ್ಯಾನ್‌ನಲ್ಲಿ ಹಳೆಯದೊಂದು ಸಣ್ಣ ಸ್ಟ್ರೋಕ್‌ನ ಕಲೆ ಕಂಡಿತು. ಅದು ಯಾವಾಗ ಆಗಿತ್ತೋ, ನಮಗೆ ಯಾರಿಗೂ ಗೊತ್ತಿಲ್ಲ.

ಹೊರಗೆ ಬಂದು ಅವ್ವನನ್ನು ಕೇಳಿದೆ, ಯಾಕೆ ಹೇಳಲಿಲ್ಲ? "ನಿನ್ನ ಲಗ್ನ ಇನ್ನೂ ಆಗಬೇಕಲ್ಲ ತಂಗಿ."

ಆ ವಾರ ನನ್ನ ತಲೆಯಲ್ಲಿ ಎರಡೇ ಪ್ರಶ್ನೆ. ಚಾವಿ ಯಾಕೆ? ಈ ಬಾಯಿ ಮುಚ್ಚಿಕೊಳ್ಳುವುದು ಯಾಕೆ? ಎರಡಕ್ಕೂ ಉತ್ತರ ಚರಿತ್ರೆಯಲ್ಲೇ ಇತ್ತು.

ಮೊದಲು ಚಾವಿ. ಕ್ರಿ.ಶ. ಒಂದನೇ ಶತಮಾನದಲ್ಲಿ ರೋಮಿನ ಪ್ಲಿನಿ ಎಂಬ ಲೇಖಕ ತನ್ನ ಕಾಲದ ಒಂದು ಮದ್ದನ್ನು ದಾಖಲಿಸಿದ್ದಾನೆ: ಮೂರ್ಛೆ ರೋಗಿ ಬಿದ್ದಾಗ ಅವನ ತಲೆ ಮೊದಲು ತಾಗಿದ ಜಾಗದಲ್ಲಿ ಕಬ್ಬಿಣದ ಮೊಳೆ ಹೊಡೆಯಬೇಕು. ನಮ್ಮೂರಿನ ಚಾವಿ ಗೊಂಚಲು ರೋಮಿನಿಂದ ಬಂತು ಅಂತ ನಾನು ಹೇಳ್ತಿಲ್ಲ. ಆದರೆ ಎರಡು ಸಾವಿರ ವರ್ಷದ ಹಿಂದೆಯೂ ಜನ ಇದೇ ರೋಗದ ಎದುರು ಕಬ್ಬಿಣ ಹಿಡಿದು ನಿಂತಿದ್ದರು. ಇಂಥ ಮದ್ದುಗಳು ಯಾಕೆ ಸಾಯುವುದಿಲ್ಲ ಅನ್ನುವುದಕ್ಕೆ ಕಾರಣ ಸರಳ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತವೆ. ಚಾವಿ ಹುಡುಕಿ, ಮುಷ್ಟಿ ಬಿಡಿಸಿ, ಕೈಗೆ ಕೊಡುವಷ್ಟರಲ್ಲಿ ಆ ಎರಡು ನಿಮಿಷ ಮುಗಿದಿರುತ್ತದೆ. ನಿಂತಾಗ ಕೈಯಲ್ಲಿ ಏನಿತ್ತೋ ಅದಕ್ಕೇ ಹೆಸರು ಬರುತ್ತದೆ, ಅದು ಚಾವಿಯಾಗಲಿ, ಉಳ್ಳಾಗಡ್ಡಿಯಾಗಲಿ, ಚಪ್ಪಲಿಯಾಗಲಿ.

ಇನ್ನೂ ಹಿಂದೆ ಹೋದರೆ ಬ್ಯಾಬಿಲೋನಿಯಾ. ಸುಮಾರು ಮೂರು ಸಾವಿರ ವರ್ಷ ಹಳೆಯ ಮಣ್ಣಿನ ಹಲಗೆಗಳ ಮೇಲೆ ಅಲ್ಲಿನ ವೈದ್ಯರು ಫಿಟ್ಸ್‌ನ ಬಗೆಬಗೆಯ ಲಕ್ಷಣಗಳನ್ನು ಸೂಕ್ಷ್ಮವಾಗಿ ಬರೆದಿಟ್ಟಿದ್ದಾರೆ. ಕಾರಣ ಮಾತ್ರ ದೆವ್ವ, ದೇವರು. ಕ್ರಿ.ಪೂ. 400ರ ಸುಮಾರಿಗೆ ಹಿಪೊಕ್ರಾಟಿಸ್ ಪರಂಪರೆಯ ಗ್ರೀಕ್ ಗ್ರಂಥವೊಂದು, ಜನ ಇದನ್ನು ಪವಿತ್ರ ರೋಗ ಅಂತಾರೆ, ಇದರಲ್ಲಿ ಪವಿತ್ರವಾದ್ದು ಏನೂ ಇಲ್ಲ, ಇದರ ಮೂಲ ಮಿದುಳಿನಲ್ಲಿದೆ ಎಂದು ವಾದಿಸಿತು.

ನಮ್ಮಲ್ಲಿ ಇದರ ಹೆಸರು ಅಪಸ್ಮಾರ, ಅಂದರೆ ಸ್ಮೃತಿ ತಪ್ಪುವುದು. ನಟರಾಜನ ಪಾದದ ಕೆಳಗೆ ಬಿದ್ದಿರುವ ಕುಳ್ಳನಿಗೂ ಇದೇ ಹೆಸರು. ಮೂರ್ತಿಯಲ್ಲಿ ಅದು ತುಳಿಯಬೇಕಾದ ಅಜ್ಞಾನ. ಆದರೆ ಚರಕ ಸಂಹಿತೆಯಲ್ಲಿ ಅದು ಒಂದು ಕಾಯಿಲೆ, ನಾಲ್ಕು ಬಗೆಯದು, ಚಿಕಿತ್ಸೆ ಇರುವಂಥದು. ಚಿಕಿತ್ಸಾಸ್ಥಾನದ ಹತ್ತನೇ ಅಧ್ಯಾಯ ಮುಖ್ಯವಾಗಿ ಇದರದ್ದೇ. ಅದರ ಕೊನೆಯ ಭಾಗದಲ್ಲಿ ಒಂದು ಎಚ್ಚರಿಕೆ ಇದೆ: ಇಂಥವರನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಯಾವಾಗಲೂ ಕಾಯಬೇಕು, ಯಾಕೆಂದರೆ ಅವು ಕೂಡಲೇ ಪ್ರಾಣ ತೆಗೆಯುತ್ತವೆ. ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ನಮ್ಮ ಹೊಲದ ಬಾವಿ. ಅಪ್ಪ ಕೆಂಪು ಬಾಳೆ ಬೆಳೆಯುವವರು. ದಿನಾ ಬಾವಿಯ ಕಟ್ಟೆಯ ಮೇಲೆ ಕೂತು ಮೋಟಾರ್ ನೋಡುವವರು.

ಹಾಗಾದರೆ ಮಾತ್ರೆ ಯಾವಾಗ ಬಂತು? ಬಹಳ ತಡವಾಗಿ. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೊಕಾಕ್ ಪೊಟ್ಯಾಸಿಯಂ ಬ್ರೋಮೈಡ್‌ನಿಂದ ಫಿಟ್ಸ್ ಕಡಿಮೆಯಾಯಿತು ಎಂದು ಹೇಳಿದ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಫಿನೋಬಾರ್ಬಿಟೋನ್‌ನ ಗುಣ ಕಂಡುಕೊಂಡ. 1924ರಲ್ಲಿ ಹಾನ್ಸ್ ಬರ್ಗರ್ ಮೊದಲ ಸಲ ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ, 1929ರಲ್ಲಿ ಪ್ರಕಟಿಸಿದ. ಅಪ್ಪನ ತಲೆಗೆ ವೈರು ಅಂಟಿಸಿ ತೆಗೆದ ಇಇಜಿ ಅದೇ. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಫೆನಿಟೋಯಿನ್ ತಂದರು. ಕಮಲಾಪುರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇದಕ್ಕೆ ಉರ್ದುವಿನಲ್ಲಿ ಮಿರ್ಗಿ ಅನ್ನುತ್ತಾರೆ, ನಮ್ಮಜ್ಜಿಯೂ ಅದೇ ಪದ ಬಳಸುತ್ತಿದ್ದಳು. ಕಂಡುಹಿಡಿದ ಮಾತ್ರೆ ಹಳ್ಳಿಯ ಮನೆಗೆ ಮುಟ್ಟುವುದು ಇನ್ನೊಂದೇ ಚರಿತ್ರೆ.

ಆ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು, ನಮಗೆ ಗೊತ್ತಿಲ್ಲ ಅಷ್ಟೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದು ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಒಂದು ವಿಚಿತ್ರ ಬಗೆಯ ಫಿಟ್ಸ್ ಬಗ್ಗೆ ಬರೆದರು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವಂಥದು. ಜಗತ್ತಿನ ಬೇರೆ ಕಡೆ ಬಹಳ ಅಪರೂಪ, ನಮ್ಮಲ್ಲಿ ಅಲ್ಲ. 1988ರ ಹೊತ್ತಿಗೆ ನಿಮ್ಹಾನ್ಸ್ ತಂಡ ಇಂಥ 279 ಜನರ ವರದಿ ಕೊಟ್ಟಿತು. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ತಲೆಗೆ ಹಾಕಿಕೊಳ್ಳುವ ನಮ್ಮ ಅಭ್ಯಾಸ ಪ್ರಪಂಚದ ವೈದ್ಯಕೀಯ ಪುಸ್ತಕ ಸೇರಿದ್ದು ಹೀಗೆ.

ಅದೇ ಮಣಿಯವರ ತಂಡ 1990ರ ದಶಕದಲ್ಲಿ ಯಳಂದೂರಿನ ಹಳ್ಳಿಗಳಿಗೆ ಹೋಯಿತು. ಮನೆಮನೆ ತಿರುಗಿ ರೋಗಿಗಳನ್ನು ಗುರುತಿಸಿ, ಅಗ್ಗದ ಎರಡು ಹಳೆಯ ಮಾತ್ರೆಗಳನ್ನೇ, ಅಂದರೆ ಫಿನೋಬಾರ್ಬಿಟೋನ್ ಮತ್ತು ಫೆನಿಟೋಯಿನ್, ಕೊಟ್ಟು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. ದೊಡ್ಡ ಆಸ್ಪತ್ರೆ, ದುಬಾರಿ ಔಷಧ ಇಲ್ಲದೆಯೂ ಹಳ್ಳಿಯಲ್ಲಿ ಫಿಟ್ಸ್ ಹತೋಟಿಗೆ ತರಬಹುದು ಎಂದು ಅದು ತೋರಿಸಿತು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 1,02,557 ಜನರನ್ನು ನೋಡಿದ ನಿಮ್ಹಾನ್ಸ್‌ನ ಇನ್ನೊಂದು ಸಮೀಕ್ಷೆಯಲ್ಲಿ, ಹಳ್ಳಿಗಳಲ್ಲಿ ಎಪಿಲೆಪ್ಸಿ ನಗರದ ಸುಮಾರು ಎರಡರಷ್ಟಿತ್ತು.

ನಮ್ಮ ಕಡೆ? ನಮಗೆ ಹತ್ತಿರದ್ದು ಅಂದರೆ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳ ಜೊತೆಗೆ ಫಿಟ್ಸ್‌ಗೂ ಅಲ್ಲೇ ಚಿಕಿತ್ಸೆ ಕೊಡಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರಲ್ಲಿ ಶುರುವಾದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗ ಮತ್ತೆ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ. ಕಲಬುರಗಿಯವರು ತಲೆಮಾರುಗಳಿಂದ ದೊಡ್ಡ ಕಾಯಿಲೆ ಬಂದರೆ ಸೋಲಾಪುರದ ರೈಲು ಹತ್ತಿದ್ದಾರೆ, ಇಲ್ಲ ಹೈದರಾಬಾದಿನದು. ಇಲ್ಲಿ 1963ರಲ್ಲಿ ಎಂ.ಆರ್. ಮೆಡಿಕಲ್ ಕಾಲೇಜು ಬಂತು, ಸರ್ಕಾರಿ ವೈದ್ಯಕೀಯ ಸಂಸ್ಥೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಈಗ ಕಮಲಾಪುರ ತಾಲ್ಲೂಕು ಕೇಂದ್ರ, ಕಲಬುರಗಿಯ ಡಾಕ್ಟರ ತನಕ ಒಂದು ಗಂಟೆಯ ದಾರಿ. ಅಪ್ಪ ಆ ಅರ್ಥದಲ್ಲಿ ಅದೃಷ್ಟವಂತರು. ಬಾಕಿ ಉಳಿದದ್ದು ಆಸ್ಪತ್ರೆಯ ದೂರ ಅಲ್ಲ, ಬಾಯಿ ಬಿಡುವ ದೂರ.

ಈಗ ಎರಡನೇ ಪ್ರಶ್ನೆ. ಅವ್ವನ ಭಯ ಬರೀ ಮೂಢನಂಬಿಕೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಅದು ಒಂದು ಕಾಲಕ್ಕೆ ಕಾನೂನೇ ಆಗಿತ್ತು. 1976ರ ತಿದ್ದುಪಡಿಯ ನಂತರ ಹಿಂದೂ ವಿವಾಹ ಕಾಯ್ದೆಯ ಐದನೇ ಸೆಕ್ಷನ್, ಮದುವೆಯಾಗುವವರಿಗೆ ಪದೇ ಪದೇ ಹುಚ್ಚು ಅಥವಾ ಅಪಸ್ಮಾರ ಬರುತ್ತಿರಬಾರದು ಎನ್ನುತ್ತಿತ್ತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ರೋಗ ಮುಚ್ಚಿಟ್ಟು ಮದುವೆ ಮಾಡಿದರು ಎಂದು ಕೋರ್ಟಿಗೆ ಹೋದವರಿದ್ದಾರೆ. ವೈದ್ಯರು ಮತ್ತು ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್ ವರ್ಷಗಟ್ಟಲೆ ಹಿಂದೆ ಬಿದ್ದ ಮೇಲೆ, 1999ರ ಕೊನೆಗೆ "ಅಥವಾ ಅಪಸ್ಮಾರ" ಅನ್ನುವ ಪದಗಳನ್ನು ಸಂಸತ್ತು ತೆಗೆದುಹಾಕಿತು. ಅವ್ವನ ಮದುವೆಯಾದದ್ದು ಅದಕ್ಕಿಂತ ಮೊದಲು. ಕಾನೂನು ಬದಲಾದದ್ದನ್ನು ಅವಳಿಗೆ ಯಾರೂ ಬಂದು ಹೇಳಲಿಲ್ಲ. ಇನ್ನು ಅಪ್ಪನಿಗೆ ಬಂದದ್ದು ಸ್ಟ್ರೋಕ್‌ನ ಕಲೆಯಿಂದ, ಅದು ನನಗೆ ಹರಿದು ಬರುವಂಥದಲ್ಲ. ಇದನ್ನು ಡಾಕ್ಟರ ಬಾಯಿಂದಲೇ ಅವ್ವನಿಗೆ ಹೇಳಿಸಿದೆ. ಅವತ್ತು ಅವಳು ಅತ್ತಳು.

ಇಷ್ಟೆಲ್ಲ ಓದಿದ ಮೇಲೂ ಮನೆಯಲ್ಲಿ ನಾನು ತಪ್ಪು ಮಾಡಿದೆ. ಫೋನಿನಲ್ಲಿ ದಿನಾ ಅಪ್ಪನಿಗೆ ಆರ್ಡರ್ ಮಾಡಿದೆ: ಬೈಕ್ ಮುಟ್ಟಬೇಡಿ, ಬಾವಿಗೆ ಹೋಗಬೇಡಿ, ಒಬ್ಬರೇ ಹೊರಗೆ ಹೋಗಬೇಡಿ. ಅವರು ಹೂಂ ಅನ್ನುತ್ತಿದ್ದರು. ಮೂರು ತಿಂಗಳು ಏನೂ ಆಗಲಿಲ್ಲ. ನಾಲ್ಕನೇ ತಿಂಗಳು ಶ್ರಾವಣ. ಸೋಮವಾರದ ಉಪವಾಸದ ನೆಪದಲ್ಲಿ ಮಾತ್ರೆ ಬಿಟ್ಟರು, ಆಮೇಲೆ ಆರಾಮ ಆಗಿದೆ ಅಂತ ಮಂಗಳವಾರವೂ ಬಿಟ್ಟರು. ಗುರುವಾರ ಅದೇ ಚಹಾದಂಗಡಿಯಲ್ಲಿ ಮತ್ತೆ ಬಿದ್ದರು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು, ಅಪ್ಪನಿಗೆ ಯಾರೂ ಕೂತು ಬಿಡಿಸಿ ಹೇಳಿರಲಿಲ್ಲ. ನಾನು ಅವರ ಬಗ್ಗೆ ಎಲ್ಲರ ಜೊತೆ ಮಾತಾಡಿದ್ದೆ, ಅವರ ಜೊತೆ ಅಲ್ಲ.

ಆ ಸಲ ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಆರ್ಡರ್ ಬಿಟ್ಟು ಕೇಳಿದೆ, ಅಪ್ಪಾ, ನಿಮಗೆ ಇದರಲ್ಲಿ ಭಾಳ ಕಷ್ಟ ಯಾವುದು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೀಳೋದಲ್ಲ ತಂಗಿ. ಎದ್ದ ಮ್ಯಾಲ ಮಂದಿ ಮಾರಿ ನೋಡೋದು."

ಆಮೇಲೆ ನಾವಿಬ್ಬರೂ ಕೂತು ನಿರ್ಧಾರ ಮಾಡಿದೆವು. ಮಾತ್ರೆ ಬೆಳಿಗ್ಗೆ ರೊಟ್ಟಿಯ ಜೊತೆ, ರಾತ್ರಿ ಸುದ್ದಿ ನೋಡುವಾಗ. ಉಪವಾಸವಿದ್ದರೂ ಮಾತ್ರೆಗೆ ಉಪವಾಸವಿಲ್ಲ. ಬಾವಿಗೆ ಕಾಕಾ ಜೊತೆಗೆ, ಕಟ್ಟೆಯಿಂದ ದೂರ. ಬೈಕ್ ಡಾಕ್ಟರು ಹೇಳುವ ತನಕ ಇಲ್ಲ. ಲೈಸೆನ್ಸಿನ ಫಾರ್ಮ್ 1ರಲ್ಲಿ ಎಪಿಲೆಪ್ಸಿ ಇದೆಯಾ ಅಂತ ಕೇಳುವುದನ್ನು ತೋರಿಸಿದೆ, ತಾವೇ ಓದಿ ಚಾವಿ ತೆಗೆದು ಕೊಟ್ಟರು. ಬಚ್ಚಲಿನ ಬಾಗಿಲಿಗೆ ಒಳಗಿನ ಚಿಲಕ ಹಾಕುವುದಿಲ್ಲ. ಅತ್ತಿ ತಾಯತ ಕಟ್ಟಿದಳು, ಕಟ್ಟಲಿ ಬಿಡು ಅಂದೆ, ಮಾತ್ರೆ ಬಿಡಿಸದಿದ್ದರೆ ಸಾಕು.

ಮರುದಿನ ಅಪ್ಪ ನನ್ನನ್ನು ಚಹಾದಂಗಡಿಗೆ ಕರೆದುಕೊಂಡು ಹೋದರು. ತಾವೇ ಅಂಗಡಿಯವರಿಗೆ ಹೇಳಿದರು: "ನೋಡಪ, ನನಗ ಮೂರ್ಛೆ ರೋಗ ಅದ. ಮತ್ತ ಬಿದ್ರ ಮಗ್ಗಲಿಗಿ ಮಲಗಸು. ಬಾಯಾಗ ಏನೂ ತುರಕಬ್ಯಾಡ, ಕೈಕಾಲ ಒತ್ತಿ ಹಿಡೀಬ್ಯಾಡ. ಗಡಿಯಾರ ನೋಡು. ಐದ್ ನಿಮಿಷ ದಾಟಿದ್ರ ದವಾಖಾನಿಗಿ ಒಯ್ಯಿ." ಅಂಗಡಿಯವರು ತಲೆಯಾಡಿಸಿದರು. ಆಮೇಲೆ ಕೇಳಿದರು, "ಮತ್ತ ಚಾವಿ?"

"ಚಾವಿ ನಿನ್ನ ಹಂತ್ಯಾಕೇ ಇರ್ಲಿ," ಅಂದರು ಅಪ್ಪ, "ಅಂಗಡಿ ಮುಚ್ಚಾಕ ಬೇಕಾಗ್ತದ."

ಸರಿಯಾಗಿ ಗುರುತಿಸಿ ಚಿಕಿತ್ಸೆ ಕೊಟ್ಟರೆ ಎಪಿಲೆಪ್ಸಿ ಇರುವ ನೂರರಲ್ಲಿ ಎಪ್ಪತ್ತು ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪ ಆ ಎಪ್ಪತ್ತರಲ್ಲಿ ಒಬ್ಬರಾಗುತ್ತಾರಾ, ಇನ್ನೂ ಗೊತ್ತಿಲ್ಲ. ಹೋದ ತಿಂಗಳು ನನ್ನನ್ನು ನೋಡಲು ಒಂದು ಮನೆಯವರು ಬಂದಿದ್ದರು. ಚಹಾ ಕೊಟ್ಟು ಕೂತ ಮೇಲೆ, ನಾನು ಬಾಯಿ ತೆರೆಯುವ ಮೊದಲೇ, ಅವ್ವನೇ ಹೇಳಿಬಿಟ್ಟಳು. ಅವರಿಂದ ಇನ್ನೂ ಫೋನ್ ಬಂದಿಲ್ಲ. ಬರದಿದ್ದರೂ ಪರವಾಗಿಲ್ಲ ಅಂತ ಅವ್ವ ಅಂದಳು.